ಪ್ಲೇಟ್‌ಲೆಟ್ ಲೆಕ್ಕ ತಪ್ಪಿದರೆ: ಟ್ಯೂಬಿನಿಂದ ಜೀನ್‌ವರೆಗೆ ದೋಷ ಹುಡುಕುವ ಕೈಪಿಡಿ

ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ದಪ್ಪ ಅಕ್ಷರದ ಸಂಖ್ಯೆಯ ಮೇಲೆ. ಗಾಯದಲ್ಲಿ ರಕ್ತ ನಿಲ್ಲಿಸುವ ಸಣ್ಣ ಕಣಗಳು, ಅಂದರೆ ಪ್ಲೇಟ್‌ಲೆಟ್, ಕಡಿಮೆ ಇದ್ದರೆ ಎದೆ ಧಸಕ್ಕೆನ್ನುತ್ತದೆ. ಜಾಸ್ತಿ ಇದ್ದರೆ 'ಜಾಸ್ತಿ ತಾನೇ, ಇರಲಿ ಬಿಡು' ಅನ್ನಿಸುತ್ತದೆ. ಎರಡೂ ಸರಿಯಲ್ಲ. ಆ ಸಂಖ್ಯೆ ಒಂದು ದೂರು ಅಷ್ಟೇ, ಕಾಯಿಲೆಯ ಹೆಸರಲ್ಲ. ದೂರು ಎಲ್ಲಿಂದ ಬಂತು ಅಂತ ಹುಡುಕಬೇಕು. ಟ್ಯೂಬಿನಿಂದಲೋ, ರಕ್ತದಿಂದಲೋ, ಎಡ ಪಕ್ಕೆಯಡಿ ಇರುವ ಗುಲ್ಮದಿಂದಲೋ (ಸ್ಪ್ಲೀನ್), ಮೂಳೆ ಮಜ್ಜೆಯಿಂದಲೋ? ಅಥವಾ 'ಪ್ಲೇಟ್‌ಲೆಟ್ ಮಾಡು' ಎಂದು ಮಜ್ಜೆಗೆ ಹೇಳಿ ಕಳಿಸುವ ಜೀನಿನಿಂದಲೋ?

ಆ ಜೀನಿನ ಹೆಸರು ಟಿಎಚ್‌ಪಿಒ. ಅದು ತಯಾರಿಸುವ ಹಾರ್ಮೋನು ಥ್ರಾಂಬೊಪೊಯೆಟಿನ್. ತಪ್ಪು ಅಲ್ಲಿರುವುದು ಬಹಳ ಅಪರೂಪ, ಹಾಗಾಗಿ ಹುಡುಕಾಟದಲ್ಲಿ ಅದರ ಸರದಿ ಕೊನೆಗೆ. ಆದರೆ ಈ ಹಾರ್ಮೋನು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಮೊದಲಿನ ಎಲ್ಲಾ ಹಂತಗಳೂ ತಾನಾಗಿ ಬಿಡಿಸಿಕೊಳ್ಳುತ್ತವೆ.

ಹುಡುಕಾಟ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಕೆಳಗಿನ ಯಾವುದೇ ಒಂದು ಇದ್ದರೂ ಮುಂದೆ ಓದುವುದು ಬೇಡ. ತುರ್ತು ಚಿಕಿತ್ಸೆಗೆ ಹೋಗಿ.

– ಹಿಂದೆಂದೂ ಬಾರದಂಥ ತಲೆನೋವು, ವಾಂತಿ, ಮಾತು ತೊದಲುವುದು, ಗೊಂದಲ, ಒಂದು ಕಡೆ ಕೈಕಾಲು ಸೋಲುವುದು
– ಕಪ್ಪು ಡಾಂಬರಿನಂಥ ಮಲ, ರಕ್ತದ ವಾಂತಿ, ಮೂತ್ರದಲ್ಲಿ ರಕ್ತ
– ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು 15 ನಿಮಿಷ ಬಿಡದೆ ಒತ್ತಿ ಹಿಡಿದರೂ ನಿಲ್ಲದ ರಕ್ತ
– ಬಾಯಿಯೊಳಗೆ ರಕ್ತ ತುಂಬಿದ ಬೊಬ್ಬೆಗಳು
– ಜ್ವರದ ಜೊತೆಗೆ ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆಗಳು
– ತಲೆಗೆ ಪೆಟ್ಟು ಬಿದ್ದಿದೆ, ಪ್ಲೇಟ್‌ಲೆಟ್ ಕಡಿಮೆ ಇರುವುದೂ ಗೊತ್ತಿದೆ
– ಎದೆನೋವು, ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು

ಕೊನೆಯದು ಯಾಕೆ ಅಂದರೆ, ಪ್ಲೇಟ್‌ಲೆಟ್ ತೊಂದರೆ ಅಂದರೆ ರಕ್ತ ಸೋರುವುದೊಂದೇ ಅಲ್ಲ, ರಕ್ತ ಹೆಪ್ಪುಗಟ್ಟುವುದೂ ಹೌದು. ಕೆಲವು ಕಾಯಿಲೆಗಳಲ್ಲಿ ಎಣಿಕೆ ಕಡಿಮೆ ಇದ್ದೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದಿರಲಿ ಎಂದು ಕೊಡುವ ಹೆಪಾರಿನ್ ಚುಚ್ಚುಮದ್ದು ಶುರುವಾದ 5ರಿಂದ 10 ದಿನಗಳಲ್ಲಿ ಎಣಿಕೆ ಅರ್ಧಕ್ಕಿಳಿದರೆ ವೈದ್ಯರು ಎಚ್ಚೆತ್ತುಕೊಳ್ಳುವುದು ಇದಕ್ಕೇ.

ಯಂತ್ರ ಹೇಗೆ ನಡೆಯುತ್ತದೆ

ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,50,000ದಿಂದ 4,50,000 ಪ್ಲೇಟ್‌ಲೆಟ್ ಇರುತ್ತವೆ. ಒಂದೊಂದರ ಆಯಸ್ಸು 7ರಿಂದ 10 ದಿನ. ಸತ್ತವುಗಳ ಜಾಗ ತುಂಬಲು ಮೂಳೆ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ಪ್ಲೇಟ್‌ಲೆಟ್ ಮಾಡುತ್ತದೆ. ಇವನ್ನು ಉದುರಿಸುವವು ಮಜ್ಜೆಯಲ್ಲಿರುವ ಮೆಗಾಕೆರಿಯೊಸೈಟ್ ಎಂಬ ದೈತ್ಯ ಕೋಶಗಳು.

ಎಷ್ಟು ಮಾಡಬೇಕು ಅಂತ ಮಜ್ಜೆಗೆ ಹೇಳುವವರು ಯಾರು? ಮುಖ್ಯವಾಗಿ ಲಿವರ್. ಅದು ಥ್ರಾಂಬೊಪೊಯೆಟಿನ್ ಎಂಬ ಚೀಟಿಯನ್ನು ರಕ್ತಕ್ಕೆ ಬಿಡುತ್ತದೆ. ಮಜ್ಜೆಯ ಕೋಶಗಳ ಮೇಲೆ ಎಂಪಿಎಲ್ ಎಂಬ ಕಿಂಡಿ ಇದೆ. ಚೀಟಿ ಕಿಂಡಿಗೆ ಬಿದ್ದರೆ ಕೆಲಸ ಶುರು.

ಇಲ್ಲೊಂದು ಜಾಣತನ ಇದೆ. ಲಿವರ್ ಪ್ಲೇಟ್‌ಲೆಟ್‌ಗಳನ್ನು ಎಣಿಸುತ್ತಾ ಕೂರುವುದಿಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಚೀಟಿ ಕಳಿಸುತ್ತಿರುತ್ತದೆ. ಅದೇ ಎಂಪಿಎಲ್ ಕಿಂಡಿ ಪ್ಲೇಟ್‌ಲೆಟ್‌ಗಳ ಮೈಮೇಲೂ ಇದೆ. ಅವು ದಾರಿಯಲ್ಲೇ ಚೀಟಿ ಹಿಡಿದು ನುಂಗಿಬಿಡುತ್ತವೆ. ಪ್ಲೇಟ್‌ಲೆಟ್ ಜಾಸ್ತಿ ಇದ್ದರೆ ಬಹುಪಾಲು ಚೀಟಿ ದಾರಿಯಲ್ಲೇ ಖಾಲಿ, ಮಜ್ಜೆಗೆ ತಲುಪುವುದು ಕಡಿಮೆ. ಪ್ಲೇಟ್‌ಲೆಟ್ ಕಡಿಮೆಯಾದರೆ ನುಂಗುವವರಿಲ್ಲ, ಚೀಟಿ ರಾಶಿ ರಾಶಿ ಮಜ್ಜೆಗೆ ಬೀಳುತ್ತದೆ. ಲೆಕ್ಕ ತಾನಾಗಿ ಸರಿಹೋಗುತ್ತದೆ. ಮುದಿ ಪ್ಲೇಟ್‌ಲೆಟ್‌ಗಳು ಲಿವರ್‌ಗೆ ಬಂದು ಸೇರುವಾಗ 'ಇನ್ನಷ್ಟು ಬರಿ' ಎಂದು ಅದನ್ನು ಸ್ವಲ್ಪ ತಿವಿಯುವುದೂ ಉಂಟು. ಆದರೆ ಮೂಲ ಉಪಾಯ ನುಂಗುವುದೇ.

ಥ್ರಾಂಬೊಪೊಯೆಟಿನ್ ಎಂಬ ಹೆಸರನ್ನು ಹಂಗೇರಿಯ ಎಂಡ್ರೆ ಕೆಲೆಮೆನ್ ಮತ್ತು ಸಂಗಡಿಗರು ಕೊಟ್ಟಿದ್ದು 1958ರಲ್ಲಿ. ವಸ್ತು ಕೈಗೆ ಸಿಕ್ಕಿದ್ದು 1994ರಲ್ಲಿ, ಅದೂ ಹಲವು ತಂಡಗಳಿಗೆ ಒಟ್ಟೊಟ್ಟಿಗೆ. ಹೆಸರಿಟ್ಟು 36 ವರ್ಷ ಕಾದ ಕೂಸು ಅನ್ನಿ. ಇನ್ನೂ ತಮಾಷೆ ಅಂದರೆ ಮನುಷ್ಯರ ಎಂಪಿಎಲ್ ಕಿಂಡಿ 1992ರಲ್ಲೇ ಸಿಕ್ಕಿತ್ತು. ಅದರೊಳಗೆ ಏನು ಬೀಳುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಲಕ್ಷಣ: ರಿಪೋರ್ಟಿನಲ್ಲಿ ಕಡಿಮೆ, ಮೈಯಲ್ಲಿ ಏನೂ ತೊಂದರೆ ಇಲ್ಲ

ಇದು ತೀರಾ ಸಾಮಾನ್ಯ. ಪರೀಕ್ಷೆಯೂ ತೀರಾ ಸುಲಭ.

ಮೊದಲು ಅಳತೆಯ ಘಟಕ ನೋಡಿ. ಕೆಲವು ರಿಪೋರ್ಟ್‌ಗಳಲ್ಲಿ 1.8 ಲಕ್ಷ ಎಂದಿರುತ್ತದೆ, ಕೆಲವದರಲ್ಲಿ 1,80,000, ಇನ್ನು ಕೆಲವದರಲ್ಲಿ ಬರೀ 180. ಮೂರೂ ಒಂದೇ. ಹೋದ ಸಲ ಲಕ್ಷ ಇದ್ದದ್ದು ಈ ಸಲ ನೂರಕ್ಕಿಳಿದಿದೆ ಅಂತ ಸುಮ್ನೆ ಗಾಬರಿ ಬೀಳಬೇಡಿ.

ಘಟಕ ಸರಿ ಇದ್ದರೆ ಟ್ಯೂಬನ್ನು ಅನುಮಾನಿಸಿ. ಈ ಪರೀಕ್ಷೆಗೆ ರಕ್ತ ಹಿಡಿಯುವುದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ಹೆಪ್ಪುಗಟ್ಟದಿರಲಿ ಎಂದು ಅದರಲ್ಲಿ ಇಡಿಟಿಎ ಇರುತ್ತದೆ. ಸಾವಿರದಲ್ಲಿ ಸುಮಾರು ಒಂದು ಸ್ಯಾಂಪಲ್‌ನಲ್ಲಿ ಇಡಿಟಿಎ ತಾಗಿದ ಕೂಡಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಯಂತ್ರಕ್ಕೆ ಗಂಟು ಪ್ಲೇಟ್‌ಲೆಟ್ ಥರ ಕಾಣುವುದಿಲ್ಲ. ಅದು 40,000 ಎಂದು ಬರೆಯುತ್ತದೆ, ಮೈಯಲ್ಲಿ 2,20,000 ಹಾಯಾಗಿ ಓಡಾಡುತ್ತಿರುತ್ತವೆ. ಇದು ಕಾಯಿಲೆಯೇ ಅಲ್ಲ, ಟ್ಯೂಬಿನ ಚೇಷ್ಟೆ.

ಏನು ಕೇಳಬೇಕು? ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿ. ಗಂಟು ಕಂಡರೆ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ಎಣಿಸುತ್ತಾರೆ. ಆ ಟ್ಯೂಬಿನ ದ್ರವ ರಕ್ತವನ್ನು ಸ್ವಲ್ಪ ತೆಳು ಮಾಡುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಸಿಟ್ರೇಟಿನಲ್ಲೂ ಗಂಟಾಗುವವರು ಕೆಲವರಿದ್ದಾರೆ, ಅವರಿಗೆ ಬೇರೆ ದಾರಿಗಳಿವೆ.

ಅದೇ ಗಾಜು ಇನ್ನೊಂದನ್ನೂ ಹೇಳುತ್ತದೆ. ಕೆಲವರ ಪ್ಲೇಟ್‌ಲೆಟ್‌ಗಳು ಹುಟ್ಟಿನಿಂದಲೇ ದಪ್ಪ. ಯಂತ್ರ ಅವನ್ನು ಕೆಂಪು ಕಣ ಎಂದುಕೊಂಡು ಲೆಕ್ಕದಿಂದ ಬಿಡುತ್ತದೆ. ನನ್ನ ಕೇಳಿದರೆ, ಇಡೀ ಹುಡುಕಾಟದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ವಿಷಯ ಹೇಳುವ ಪರೀಕ್ಷೆ ಇದೇ. ಆದರೂ ಇದನ್ನು ಬಿಟ್ಟು ನೇರ ಮಜ್ಜೆ ಪರೀಕ್ಷೆಯ ಮಾತಿಗೆ ಹೋಗುವುದುಂಟು. ನೀವಾಗಿ ಕೇಳುವುದರಲ್ಲಿ ಸಂಕೋಚ ಬೇಡ.

ಹಳೆಯ ರಿಪೋರ್ಟ್‌ಗಳಿದ್ದರೆ ಹುಡುಕಿ ತೆಗೆಯಿರಿ. ಹತ್ತು ವರ್ಷದಿಂದ 1,30,000 ಇದ್ದವರಿಗೂ, ಹೋದ ತಿಂಗಳು 3,00,000 ಇದ್ದು ಈಗ 1,30,000 ಆದವರಿಗೂ ಅಜಗಜಾಂತರ.

ಲಕ್ಷಣ: ಕಾಲಿನ ಮೇಲೆ ಕೆಂಪು ಚುಕ್ಕೆ, ಹಲ್ಲುಜ್ಜಿದರೆ ರಕ್ತ, ತಾಗದಿದ್ದರೂ ನೀಲಿ ಕಲೆ

ಮನೆಯಲ್ಲೇ ಮಾಡುವ ಪರೀಕ್ಷೆ: ಪಾರದರ್ಶಕ ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಬಣ್ಣ ಮಾಯವಾದರೆ ಅದು ಬರೀ ಚರ್ಮದ ಕೆಂಪು. ಮಾಯವಾಗದಿದ್ದರೆ ರಕ್ತ ಚರ್ಮದಡಿಗೆ ಸೋರಿದೆ. ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಮೊದಲು ಕಾಲಿನ ಕೆಳಭಾಗದಲ್ಲಿ ಬರುತ್ತವೆ, ಯಾಕೆಂದರೆ ನಿಂತಾಗ ರಕ್ತದ ಒತ್ತಡ ಅಲ್ಲಿ ಜಾಸ್ತಿ. ಮುಟ್ಟಿನ ರಕ್ತಸ್ರಾವ ಇದ್ದಕ್ಕಿದ್ದಂತೆ ಹೆಚ್ಚಾದರೆ ಅದನ್ನೂ ಇದೇ ಪಟ್ಟಿಗೆ ಸೇರಿಸಿ.

ಎಷ್ಟಕ್ಕಿಳಿದರೆ ಅಪಾಯ? 50,000ಕ್ಕಿಂತ ಮೇಲಿದ್ದರೆ ದಿನನಿತ್ಯದ ಓಡಾಟಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆಪರೇಶನ್ ಇದ್ದರೆ ಮಾತ್ರ ಯೋಚಿಸಬೇಕು. 20,000ಕ್ಕಿಂತ ಕೆಳಗೆ ತಾನಾಗಿ ಸೋರುವ ಸಾಧ್ಯತೆ ಏರುತ್ತದೆ. 10,000ಕ್ಕಿಂತ ಕೆಳಗೆ ಹೋದರೆ ವೈದ್ಯರು ಕಾಯುವುದಿಲ್ಲ. ಇವು ಅಂದಾಜು ಗೆರೆಗಳು ಅಷ್ಟೇ. ಜ್ವರ, ಸೋಂಕು ಇದ್ದರೆ ಅದೇ ಸಂಖ್ಯೆ ಜಾಸ್ತಿ ಅಪಾಯಕಾರಿ.

ಈಗ ಔಷಧಿ ಡಬ್ಬ ತೆಗೆಯಿರಿ. ಕ್ವಿನೈನ್, ಸಲ್ಫಾ ಗುಂಪಿನ ಆ್ಯಂಟಿಬಯೋಟಿಕ್, ಲಿನೆಜೋಲಿಡ್, ವಾಲ್ಪ್ರೊಯೇಟ್, ಹೆಪಾರಿನ್ ಇವೆಲ್ಲ ಪ್ಲೇಟ್‌ಲೆಟ್ ಇಳಿಸಬಲ್ಲವು. ಮದ್ಯವೂ ಇಳಿಸುತ್ತದೆ. ಕಳೆದ ಕೆಲವು ವಾರಗಳಲ್ಲಿ ಏನೇನು ಹೊಸದಾಗಿ ಶುರುವಾಯಿತು ಎಂದು ದಿನಾಂಕದ ಸಮೇತ ಬರೆಯಿರಿ. ನೀವಾಗೇ ನಿಲ್ಲಿಸಬೇಡಿ. ವಾಲ್ಪ್ರೊಯೇಟ್ ದಿಢೀರ್ ನಿಂತರೆ ಫಿಟ್ಸ್ ಬರಬಹುದು. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಅವು ಇರುವ ಪ್ಲೇಟ್‌ಲೆಟ್‌ಗಳನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಆದರೆ ಹೃದಯಕ್ಕೆಂದು ವೈದ್ಯರೇ ಕೊಟ್ಟ ಆಸ್ಪಿರಿನ್ ಇದ್ದರೆ ಅವರನ್ನು ಕೇಳಿಯೇ ಮುಂದುವರಿಯಿರಿ.

ಡೆಂಗಿಯಂಥ ವೈರಸ್ ಜ್ವರದಲ್ಲಿ ಎಣಿಕೆ ಇಳಿಯುವುದು, ಜ್ವರ ಬಿಟ್ಟ ಮೇಲೆ ತಾನಾಗಿ ಏರುವುದು ಎರಡೂ ಮಾಮೂಲು. ಅದಲ್ಲವಾದರೆ ಎಚ್‌ಐವಿ, ಹೆಪಟೈಟಿಸ್ ಸಿ, ಬಿ12 ಮತ್ತು ಫೋಲೇಟ್ ಕೊರತೆ ನೋಡುತ್ತಾರೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಆದರೆ ಜೊತೆಗೆ ಬಿಪಿ ಏರಿದರೆ, ಹೊಟ್ಟೆಯ ಮೇಲ್ಭಾಗ ನೋವಾದರೆ ಅದು ಬೇರೆಯೇ ಕಥೆ, ಅದೇ ದಿನ ತೋರಿಸಿ.

ಇವೆಲ್ಲ ಇಲ್ಲ, ಕೆಂಪು ಮತ್ತು ಬಿಳಿ ಕಣ ಸರಿಯಾಗಿವೆ, ಪ್ಲೇಟ್‌ಲೆಟ್ ಮಾತ್ರ ಕಡಿಮೆ ಅಂದರೆ ಐಟಿಪಿ ಇರಬಹುದು. ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಪ್ಲೇಟ್‌ಲೆಟ್‌ಗಳನ್ನು ಶತ್ರು ಎಂದುಕೊಳ್ಳುವ ಕಾಯಿಲೆ ಇದು. ಇಲ್ಲಿ ನಮ್ಮ ಚೀಟಿಯ ಕಥೆ ಒಂದು ಅಚ್ಚರಿ ಕೊಡುತ್ತದೆ. ಎಣಿಕೆ 10,000 ಇದ್ದರೆ ಥ್ರಾಂಬೊಪೊಯೆಟಿನ್ ಆಕಾಶಕ್ಕೇರಿರಬೇಕು ಅಲ್ವಾ? ಏರಿರುವುದಿಲ್ಲ. ಬಹುತೇಕ ಮಾಮೂಲು ಮಟ್ಟದಲ್ಲೇ ಇರುತ್ತದೆ, ಅಥವಾ ಒಂಚೂರು ಮೇಲೆ. ಯಾಕೆಂದರೆ ಮಜ್ಜೆಯಲ್ಲಿ ಮೆಗಾಕೆರಿಯೊಸೈಟ್‌ಗಳು ಬೇಕಾದಷ್ಟಿವೆ, ಅವೂ ಚೀಟಿ ನುಂಗುತ್ತವೆ. ಹೊಸದಾಗಿ ಬರುವ ಪ್ಲೇಟ್‌ಲೆಟ್‌ಗಳೂ ಚೀಟಿ ಹಿಡಿದುಕೊಂಡೇ ನಾಶವಾಗುತ್ತವೆ. ಅಂದರೆ ಕಾರ್ಖಾನೆ ಇನ್ನೂ ಜೋರಾಗಿ ಓಡಬಹುದಿತ್ತು, ಆದರೆ ಸಾಕಷ್ಟು ಚೀಟಿ ಬರುತ್ತಿಲ್ಲ. ಐಟಿಪಿಗೆ ಕೃತಕ ಚೀಟಿಯನ್ನು ಔಷಧಿಯಾಗಿ ಕೊಡುವ ಯೋಚನೆಗೆ ಗಟ್ಟಿ ನೆಲ ಸಿಕ್ಕಿದ್ದು ಇಲ್ಲಿ.

ಒಂದು ಎಚ್ಚರಿಕೆ. ಪ್ಲೇಟ್‌ಲೆಟ್ ಕಡಿಮೆ, ಜೊತೆಗೆ ರಕ್ತಹೀನತೆ, ಗಾಜಿನ ಮೇಲೆ ಚೂರಾದ ಕೆಂಪು ಕಣಗಳು, ಗೊಂದಲ ಅಥವಾ ಜ್ವರ ಇದ್ದರೆ ಟಿಟಿಪಿ ಎಂಬ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ತುರ್ತು ಸ್ಥಿತಿ ಇರಬಹುದು. ಅಲ್ಲಿ ಸುಮ್ನೆ ಪ್ಲೇಟ್‌ಲೆಟ್ ಏರಿಸುವುದಿಲ್ಲ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಬದಲಾಯಿಸುವ ಚಿಕಿತ್ಸೆ ಗಂಟೆಗಳಲ್ಲಿ ಶುರುವಾಗಬೇಕು.

ಲಕ್ಷಣ: ಕಡಿಮೆ ಇದೆ, ಎಡ ಪಕ್ಕೆಯ ಕೆಳಗೆ ಭಾರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದ ಹಾಗೆ

ಗುಲ್ಮ ದೊಡ್ಡದಾಗಿರಬಹುದು. ಆರೋಗ್ಯವಾಗಿದ್ದಾಗಲೂ ಪ್ಲೇಟ್‌ಲೆಟ್‌ಗಳ ಮೂರನೇ ಒಂದು ಪಾಲು ಗುಲ್ಮದಲ್ಲಿ ತಂಗಿರುತ್ತವೆ. ಅದು ಊದಿಕೊಂಡರೆ 90 ಶೇಕಡಾವರೆಗೂ ಒಳಗೆ ಸೇರಿಸಿಕೊಳ್ಳಬಲ್ಲದು. ಪ್ಲೇಟ್‌ಲೆಟ್ ಕಳೆದುಹೋಗಿಲ್ಲ, ಗೋದಾಮಿನಲ್ಲಿ ಸಿಕ್ಕಿಕೊಂಡಿವೆ. ಹೊಟ್ಟೆಯ ಸ್ಕ್ಯಾನ್ ಮತ್ತು ಲಿವರ್ ಪರೀಕ್ಷೆ ಮಾಡಿಸಿದರೆ ಬಹುಪಾಲು ಗೊತ್ತಾಗುತ್ತದೆ.

ಲಿವರ್ ಗಟ್ಟಿಯಾಗುವ ಸಿರೋಸಿಸ್‌ನಲ್ಲಿ ಪೆಟ್ಟು ಎರಡು ಕಡೆಯಿಂದ. ಒಂದು, ಗುಲ್ಮ ಊದುತ್ತದೆ. ಎರಡು, ಚೀಟಿ ಬರೆಯುವ ಲಿವರ್ ಕೋಶಗಳೇ ಕಡಿಮೆಯಾಗುತ್ತವೆ. ಗುಲ್ಮವೊಂದನ್ನೇ ನೋಡಿ ಲಿವರನ್ನು ಮರೆತರೆ ಅರ್ಧ ಕಾರಣ ಕೈತಪ್ಪಿದಂತೆ. ಮೈ, ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ ತಡ ಮಾಡಬೇಡಿ. ಗುಲ್ಮ ದೊಡ್ಡದಿದ್ದಾಗ ಹೊಟ್ಟೆಗೆ ಪೆಟ್ಟು ಬೀಳುವ ಆಟಗಳೂ ಬೇಡ.

ಲಕ್ಷಣ: ಪ್ಲೇಟ್‌ಲೆಟ್ ಜೊತೆಗೆ ಕೆಂಪು ಕಣ, ಬಿಳಿ ಕಣವೂ ಇಳಿದಿವೆ, ಸುಸ್ತು, ಪದೇ ಪದೇ ಸೋಂಕು

ಇದು ಮನೆಯಲ್ಲಿ ಹುಡುಕುವ ಹಂತವಲ್ಲ. ರಕ್ತರೋಗ ತಜ್ಞರು ಮಜ್ಜೆ ಪರೀಕ್ಷೆ ಮಾಡುತ್ತಾರೆ. ಸೊಂಟದ ಮೂಳೆಯಿಂದ ಸೂಜಿಯಲ್ಲಿ ಸ್ವಲ್ಪ ಮಜ್ಜೆ ತೆಗೆಯುತ್ತಾರೆ. ಹೆದರಿಸುವಷ್ಟು ಏನಿಲ್ಲ, ಆದರೆ ಆ ಎಳೆತದ ಒಂದು ಕ್ಷಣ ಹಿತವಾಗಿರುವುದಿಲ್ಲ.

ಮಜ್ಜೆ ಬರಿದಾಗಿದ್ದರೆ ಏಪ್ಲಾಸ್ಟಿಕ್ ಅನೀಮಿಯಾ ಯೋಚನೆಗೆ ಬರುತ್ತದೆ. ಇಲ್ಲಿ ಥ್ರಾಂಬೊಪೊಯೆಟಿನ್ ಮಟ್ಟ ಬಹಳ ಮೇಲಿರುತ್ತದೆ. ಚೀಟಿ ನುಂಗಲು ರಕ್ತದಲ್ಲೂ ಯಾರಿಲ್ಲ, ಮಜ್ಜೆಯಲ್ಲೂ ಯಾರಿಲ್ಲ. ಐಟಿಪಿಗೂ ಇದಕ್ಕೂ ಇರುವ ಈ ವ್ಯತ್ಯಾಸ ಮುಂದಿನ ಹಂತಕ್ಕೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಲಕ್ಷಣ: ಮಗುವಿಗೆ ಹುಟ್ಟಿನಿಂದಲೇ ಕಡಿಮೆ, ಮಜ್ಜೆಯಲ್ಲಿ ಮೆಗಾಕೆರಿಯೊಸೈಟ್‌ಗಳೇ ಇಲ್ಲ

ಇಡೀ ಕೈಪಿಡಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಮೇಲ್ನೋಟಕ್ಕೆ ಒಂದೇ ಥರ ಕಾಣುವ ಎರಡು ದೋಷಗಳಿವೆ, ಎರಡರ ಚಿಕಿತ್ಸೆ ಪೂರ್ತಿ ಬೇರೆ.

ಮೊದಲನೆಯದು ಕಿಂಡಿಯ ದೋಷ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಎಂಪಿಎಲ್ ಜೀನ್ ಬಂದಿರುತ್ತದೆ. ಲಿವರ್ ಚೀಟಿ ಕಳಿಸುತ್ತಲೇ ಇದೆ, ಮಜ್ಜೆಯಲ್ಲಿ ಅದು ಒಳಗೆ ಹೋಗುವ ಕಿಂಡಿ ಮುಚ್ಚಿದೆ. ರಕ್ತದಲ್ಲಿ ಥ್ರಾಂಬೊಪೊಯೆಟಿನ್ ತುಂಬಿ ತುಳುಕುತ್ತದೆ. ಈ ಮಕ್ಕಳಲ್ಲಿ ಮೊದಲು ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವು ವರ್ಷಗಳಲ್ಲಿ ಇಡೀ ಮಜ್ಜೆ ಸೋಲುತ್ತದೆ. ಥ್ರಾಂಬೊಪೊಯೆಟಿನ್ ಪ್ಲೇಟ್‌ಲೆಟ್‌ಗಷ್ಟೇ ಅಲ್ಲ, ಮಜ್ಜೆಯ ಮೂಲ ಕಾಂಡಕೋಶಗಳನ್ನು ಉಳಿಸಿಕೊಳ್ಳಲೂ ಬೇಕು. ಹಾಗಾಗಿ ಹೆಸರು ಪ್ಲೇಟ್‌ಲೆಟ್‌ದಾದರೂ ಪೆಟ್ಟು ಎಲ್ಲಕ್ಕೂ. ಇದಕ್ಕೆ ಸರಿಯಾದ ಚಿಕಿತ್ಸೆ ಮಜ್ಜೆ ಕಸಿ. ಸರಿಯಾದ ಕಿಂಡಿ ಇರುವ ಹೊಸ ಕೋಶಗಳು ಬಂದರೆ ಚೀಟಿ ಓದಿಕೊಳ್ಳುತ್ತವೆ.

ಎರಡನೆಯದು ಚೀಟಿಯದೇ ದೋಷ. ಟಿಎಚ್‌ಪಿಒ ಜೀನಿನ ಎರಡೂ ಪ್ರತಿಗಳು ಕೆಟ್ಟಿರುತ್ತವೆ. ಈ ಜೀನ್ ಇರುವುದು 3ನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ. ಇಲ್ಲಿ ಮಜ್ಜೆ ಚೆನ್ನಾಗಿದೆ, ಕಿಂಡಿ ತೆರೆದಿದೆ, ಲಿವರ್‌ನಿಂದ ಚೀಟಿಯೇ ಬರುತ್ತಿಲ್ಲ. ಹಸಿದ ಮಜ್ಜೆ ಖಾಲಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ: ಬರಿದಾದ ಮಜ್ಜೆ.

ಈಗ ಯೋಚಿಸಿ. ಎರಡನೆಯ ಮಗುವಿಗೂ ಮಜ್ಜೆ ಕಸಿ ಮಾಡಿದರೆ ಏನಾಗುತ್ತದೆ? ಬೇರೆಯವರ ಆರೋಗ್ಯವಂತ ಮಜ್ಜೆ ಬಂದು ಕೂರುತ್ತದೆ, ಅದಕ್ಕೂ ಚೀಟಿ ಬರುವುದಿಲ್ಲ. ಲಿವರ್ ಹಳೆಯದೇ ತಾನೇ. ಕಾರ್ಖಾನೆ ಬದಲಾಯಿಸಿದರು, ಆರ್ಡರ್ ಬರೆಯುವ ಮನೆಯನ್ನು ಯಾರೂ ನೋಡಲಿಲ್ಲ. ಇದು ಊಹೆಯಲ್ಲ. ಕಸಿ ಮಾಡಿದರೂ ಮಜ್ಜೆ ಚೇತರಿಸದ ಮಕ್ಕಳಲ್ಲಿ ಟಿಎಚ್‌ಪಿಒ ಮ್ಯುಟೇಶನ್ ಇದ್ದದ್ದು 2017ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 2013ರಲ್ಲಿ, ಮೈಕ್ರೊನೇಷ್ಯಾ ಮೂಲದ ಒಂದು ಕುಟುಂಬದಲ್ಲಿ ಇದೇ ಜೀನಿನ ದೋಷದಿಂದ ಏಪ್ಲಾಸ್ಟಿಕ್ ಅನೀಮಿಯಾ ಆಗಿದ್ದು ವರದಿಯಾಗಿತ್ತು. ಇಂಥವರಿಗೆ ಬೇಕಾದದ್ದು ಕೃತಕ ಚೀಟಿ. ರೊಮಿಪ್ಲಾಸ್ಟಿಮ್ ಚುಚ್ಚುಮದ್ದು ಕೊಟ್ಟಾಗ ಪ್ಲೇಟ್‌ಲೆಟ್ ಅಷ್ಟೇ ಅಲ್ಲ, ಉಳಿದ ಕಣಗಳೂ ಏರಿದವು.

ಎರಡನ್ನು ಬೇರೆ ಮಾಡುವುದು ಹೇಗೆ? ರಕ್ತದಲ್ಲಿ ಥ್ರಾಂಬೊಪೊಯೆಟಿನ್ ಮಟ್ಟ ಅಳೆಯುವುದು ಒಂದು ದಾರಿ. ಬರಿದಾದ ಮಜ್ಜೆ ಇದ್ದೂ ಮಟ್ಟ ಬಹಳ ಮೇಲಿದ್ದರೆ ಕಿಂಡಿಯನ್ನು ಅನುಮಾನಿಸಿ. ಮಜ್ಜೆ ಬರಿದಾಗಿದ್ದರೂ ಮಟ್ಟ ಏರಿಲ್ಲ ಅಂದರೆ ಚೀಟಿಯನ್ನು ಅನುಮಾನಿಸಿ. ಆದರೆ ಈ ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೂ ಅದೊಂದನ್ನೇ ನಂಬಬಾರದು. ಹಾರ್ಮೋನು ಇದ್ದೂ ಕೆಲಸಕ್ಕೆ ಬಾರದಂಥದ್ದಾಗಿರಬಹುದು. ಎಂಪಿಎಲ್ ಮತ್ತು ಟಿಎಚ್‌ಪಿಒ ಎರಡೂ ಜೀನ್‌ಗಳನ್ನು ಓದಿಸುವುದೇ ಖಚಿತ. ಕಸಿಯ ಮಾತು ಎದ್ದಾಗ 'ಎರಡೂ ಜೀನ್ ನೋಡಿದ್ದೀರಾ?' ಎಂದು ಒಮ್ಮೆ ಕೇಳಿ. ಅಷ್ಟು ದೊಡ್ಡ ಚಿಕಿತ್ಸೆಯ ಮುಂದೆ ಈ ಪ್ರಶ್ನೆ ಎಷ್ಟೆಂದರೂ ಸಣ್ಣದು.

ಟಿಎಚ್‌ಪಿಒದ ಒಂದೇ ಪ್ರತಿ ಕೆಟ್ಟಿದ್ದರೆ ಎಣಿಕೆ ಸ್ವಲ್ಪ ಕೆಳಗೆ ಇರಬಹುದು, ರಕ್ತಸ್ರಾವ ಸಾಮಾನ್ಯವಾಗಿ ಇರುವುದಿಲ್ಲ. ವರ್ಷಗಟ್ಟಲೆ ಐಟಿಪಿ ಎಂದು ಔಷಧಿ ಕೊಟ್ಟರೂ ಜಗ್ಗದ, ಮನೆಯಲ್ಲಿ ಇನ್ನೊಬ್ಬರಿಗೂ ಕಡಿಮೆ ಇರುವವರಲ್ಲಿ ವಂಶದ ಕಾರಣ ಹುಡುಕುವುದು ಒಳ್ಳೆಯದು. ಸ್ಟೀರಾಯ್ಡ್ ನುಂಗುತ್ತಾ ಕೂರುವುದಕ್ಕಿಂತ ಅದು ಮೇಲು.

ಲಕ್ಷಣ: ಎಣಿಕೆ 4,50,000ಕ್ಕಿಂತ ಜಾಸ್ತಿ, ತೊಂದರೆ ಏನೂ ಇಲ್ಲ

ಹತ್ತಿರದ ಕಾರಣಗಳನ್ನು ಮೊದಲು ನೋಡಿ. ಇತ್ತೀಚೆಗೆ ಸೋಂಕು, ಆಪರೇಶನ್, ದೊಡ್ಡ ಗಾಯ ಆಗಿತ್ತಾ? ಕೀಲುವಾತದಂಥ ಉರಿಯೂತ ಇದೆಯಾ? ಕಬ್ಬಿಣದ ಕೊರತೆ ಇದೆಯಾ? ಗುಲ್ಮ ತೆಗೆಸಿದ್ದೀರಾ? ಹೆಚ್ಚಿನವರ ಉತ್ತರ ಇಲ್ಲೇ ಸಿಗುತ್ತದೆ. ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ಉರಿಯೂತ ತಿಳಿಸುವ ಸಿಆರ್‌ಪಿ, ಈ ಎರಡು ಪರೀಕ್ಷೆ ಸಾಕು ಶುರುವಿಗೆ.

ಉರಿಯೂತ ಇದ್ದಾಗ ಐಎಲ್-6 ಎಂಬ ಸಂಕೇತ ಲಿವರ್‌ಗೆ ಹೋಗಿ ಟಿಎಚ್‌ಪಿಒ ಜೀನನ್ನು ಜೋರು ಮಾಡುತ್ತದೆ. ಚೀಟಿ ಹೆಚ್ಚು, ಪ್ಲೇಟ್‌ಲೆಟ್ ಹೆಚ್ಚು. ಇಲ್ಲಿ ಜೀನಿನ ತಪ್ಪೇನಿಲ್ಲ, ಅದು ಮಾತು ಕೇಳುತ್ತಿದೆ ಅಷ್ಟೇ. ಉರಿಯೂತ ಇಳಿದರೆ ಎಣಿಕೆಯೂ ಇಳಿಯುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಎಣಿಸಿ.

ಆದರೆ ದೊಡ್ಡವರಲ್ಲಿ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಕೆಮ್ಮು ಅಥವಾ ಮಲದ ಅಭ್ಯಾಸ ಬದಲಾಗಿದ್ದರೆ ಕಾಯುತ್ತಾ ಕೂರಬೇಡಿ. ಎಲ್ಲೋ ಅಡಗಿರುವ ಕ್ಯಾನ್ಸರ್ ಕೂಡ ಪ್ಲೇಟ್‌ಲೆಟ್ ಏರಿಸುತ್ತದೆ.

ಇನ್ನೊಂದು ಗಾಬರಿ ತಪ್ಪಿಸಲು ಹೇಳಿಬಿಡುತ್ತೇನೆ. ಪ್ಲೇಟ್‌ಲೆಟ್ ಬಹಳ ಜಾಸ್ತಿ ಇದ್ದವರ ಪೊಟ್ಯಾಸಿಯಂ ಸುಳ್ಳೇ ಏರಿದಂತೆ ಬರಬಹುದು. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಪೊಟ್ಯಾಸಿಯಂ ಉಗುಳುತ್ತವೆ. ಹೆಪ್ಪುಗಟ್ಟಲು ಬಿಡದೆ ತೆಗೆದ ಪ್ಲಾಸ್ಮಾದಲ್ಲಿ ಮತ್ತೆ ಅಳೆಯಲು ಕೇಳಿ.

ಲಕ್ಷಣ: ತಿಂಗಳುಗಟ್ಟಲೆ ಜಾಸ್ತಿ, ಅಂಗಾಲು ಬೆಂಕಿ ಇಟ್ಟ ಹಾಗೆ ಉರಿ, ತಲೆನೋವು, ಕಣ್ಣ ಮುಂದೆ ಮಿಂಚು

ಕಾಲು, ಕೈಬೆರಳು ಕೆಂಪಾಗಿ ಉರಿಯುವುದು ಸಣ್ಣ ರಕ್ತನಾಳಗಳಲ್ಲಿ ಪ್ಲೇಟ್‌ಲೆಟ್ ಗಂಟಾಗುವುದರ ಗುರುತು. ಬಿಸಿ ತಾಗಿದರೆ ಉರಿ ಜಾಸ್ತಿ, ತಂಪಿಗೆ ಕಡಿಮೆ. ಈಗ ಎಸೆನ್ಶಿಯಲ್ ಥ್ರಾಂಬೊಸೈಥೀಮಿಯಾ ಎಂಬ ಮಜ್ಜೆಯ ಕಾಯಿಲೆಯನ್ನು ಹುಡುಕಬೇಕು.

ಮೂರು ಜೀನ್‌ಗಳನ್ನು ನೋಡುತ್ತಾರೆ. ಜೆಎಕೆ2 ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕೆಟ್ಟಿರುತ್ತದೆ, ಇದು ಗೊತ್ತಾಗಿದ್ದು 2005ರಲ್ಲಿ. ಕ್ಯಾಲ್‌ಆರ್ ಸುಮಾರು ನಾಲ್ಕನೇ ಒಂದು ಭಾಗ ಜನರಲ್ಲಿ, ಗೊತ್ತಾಗಿದ್ದು 2013ರಲ್ಲಿ. ಎಂಪಿಎಲ್ ನೂರರಲ್ಲಿ ಕೆಲವರಿಗೆ. ಮೂರೂ ಬೇರೆ ಬೇರೆ ಅನ್ನಿಸಿದರೂ ತಂತಿ ಒಂದೇ. ಎಂಪಿಎಲ್ ಅಂದರೆ ಅದೇ ಕಿಂಡಿ. ಜೆಎಕೆ2 ಆ ಕಿಂಡಿಯ ಒಳಗಿನ ಗಂಟೆ. ಕೆಟ್ಟ ಕ್ಯಾಲ್‌ಆರ್ ಪ್ರೋಟೀನ್ ಹೋಗಿ ಕಿಂಡಿಯನ್ನೇ ಹಿಡಿದು ತೆರೆದಿಡುತ್ತದೆ. ಚೀಟಿ ಬರಲಿ ಬಿಡಲಿ, ಗಂಟೆ ಹೊಡೆಯುತ್ತಲೇ ಇರುತ್ತದೆ. ಇವು ಹೆಚ್ಚಾಗಿ ಬದುಕಿನ ನಡುವೆ ಮಜ್ಜೆಯ ಒಂದು ಕೋಶದಲ್ಲಿ ಆದ ತಪ್ಪುಗಳು. ಮಕ್ಕಳಿಗೆ ದಾಟುವುದಿಲ್ಲ.

ಇಲ್ಲಿ ಸ್ವಂತ ವೈದ್ಯ ಬೇಡವೇ ಬೇಡ. 'ರಕ್ತ ತೆಳುವಾಗಲಿ' ಎಂದು ನೀವಾಗಿ ಆಸ್ಪಿರಿನ್ ಶುರು ಮಾಡಬೇಡಿ. ಎಣಿಕೆ 10,00,000 ದಾಟಿದರೆ ವಿಚಿತ್ರವೊಂದು ಆಗಬಹುದು. ಅಷ್ಟೊಂದು ಪ್ಲೇಟ್‌ಲೆಟ್‌ಗಳು ರಕ್ತ ನಿಲ್ಲಿಸುವ ವಾನ್ ವಿಲ್ಲೆಬ್ರಾಂಡ್ ಅಂಶವನ್ನು ಖಾಲಿ ಮಾಡಿ, ಜಾಸ್ತಿ ಇದ್ದೂ ರಕ್ತ ಸೋರುತ್ತದೆ. ಅಂಥವರಿಗೆ ಆಸ್ಪಿರಿನ್ ಕೊಡುವ ಮುನ್ನ ಆ ಅಂಶದ ಪರೀಕ್ಷೆ ಆಗಲೇಬೇಕು.

ಲಕ್ಷಣ: ಅಜ್ಜಿಗೂ ಜಾಸ್ತಿ, ಅಪ್ಪನಿಗೂ ಜಾಸ್ತಿ, ನನಗೂ ಜಾಸ್ತಿ, ಮೂರು ಜೀನ್ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ

ಈಗ ಟಿಎಚ್‌ಪಿಒ ಸರದಿ. ಎಂಪಿಎಲ್ ಕೂಡ ವಂಶದಲ್ಲಿ ಬರುವ ರೂಪದಲ್ಲಿ ಕೆಡಬಹುದು, ಎರಡನ್ನೂ ನೋಡಬೇಕು.

ಟಿಎಚ್‌ಪಿಒ ಜೀನಿನ ಕಟ್ಟು ವಿಚಿತ್ರ. ಅದರ ಸಂದೇಶದ ಶುರುವಿನಲ್ಲಿ ನಿಜವಾದ ಆರಂಭಕ್ಕಿಂತ ಮೊದಲೇ ಹಲವು ಸುಳ್ಳು ಆರಂಭದ ಗುರುತುಗಳಿವೆ. ಪ್ರೋಟೀನ್ ಮಾಡುವ ಯಂತ್ರ ಅಲ್ಲಿ ಎಡವುತ್ತಾ, ನಿಲ್ಲುತ್ತಾ ಹೋಗುವುದರಿಂದ ಹಾರ್ಮೋನು ಬೇಕೆಂದೇ ಕಡಿಮೆ ತಯಾರಾಗುತ್ತದೆ. ಅದೊಂದು ಬ್ರೇಕು. ಈ ಬ್ರೇಕು ಕಳಚಿದರೆ? 1998ರಲ್ಲಿ ಒಂದು ಡಚ್ ಕುಟುಂಬದಲ್ಲಿ ಕಂಡದ್ದು ಅದೇ. ಒಂದೇ ಅಕ್ಷರ ಬದಲಾಗಿ ಸಂದೇಶದ ಒಂದು ತುಂಡು ಬಿಟ್ಟುಹೋಯಿತು, ಬ್ರೇಕಿನ ಗುರುತುಗಳೂ ಅದರ ಜೊತೆ ಹೋದವು. ಅದೇ ವರ್ಷ ಜಪಾನಿನ ಒಂದು ಕುಟುಂಬದಲ್ಲೂ ಬ್ರೇಕಿರುವ ಆ ಭಾಗದಲ್ಲೇ ಒಂದಕ್ಷರ ಬಿಟ್ಟುಹೋಗಿರುವುದು ಕಂಡುಬಂತು. ಹಾರ್ಮೋನಿನಲ್ಲಿ ಒಂದಿಷ್ಟೂ ತಪ್ಪಿಲ್ಲ. ಚೀಟಿಯ ಒಕ್ಕಣೆ ಸರಿಯೇ, ಲೆಕ್ಕಕ್ಕಿಂತ ಜಾಸ್ತಿ ಚೀಟಿ ಬರುತ್ತಿವೆ. ಒಂದು ಕೆಟ್ಟ ಪ್ರತಿ ಸಾಕು, ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಈ ಕುಟುಂಬಗಳವರಿಗೂ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ತಜ್ಞರ ನಿಗಾ ತಪ್ಪಬಾರದು.

ಕೃತಕ ಚೀಟಿ ಶುರುವಾದ ಮೇಲೆ ಕಾಣುವ ತೊಂದರೆಗಳು

ಮೊದಮೊದಲು ಥ್ರಾಂಬೊಪೊಯೆಟಿನ್‌ನ ತುಂಡನ್ನೇ ಔಷಧಿಯಾಗಿ ಚುಚ್ಚಿದರು. ಕೆಲವು ಆರೋಗ್ಯವಂತ ಸ್ವಯಂಸೇವಕರ ಮೈ ಅದರ ವಿರುದ್ಧ ಪ್ರತಿಕಾಯ ಮಾಡಿತು, ಆ ಪ್ರತಿಕಾಯ ಅವರ ಸ್ವಂತ ಹಾರ್ಮೋನನ್ನೂ ಹೊಡೆಯಿತು. ಔಷಧಿ ಏರಿಸಬೇಕಿತ್ತು, ಎಣಿಕೆ ನೆಲ ಕಚ್ಚಿತು. ಆ ದಾರಿ ಅಲ್ಲಿಗೆ ಮುಚ್ಚಿತು. ಆಮೇಲೆ ಬಂದವು ಚೀಟಿಯನ್ನು ಹೋಲದೆಯೇ ಕಿಂಡಿಯನ್ನು ಎಬ್ಬಿಸುವ ಔಷಧಿಗಳು. ವಾರಕ್ಕೊಮ್ಮೆ ಚುಚ್ಚುವ ರೊಮಿಪ್ಲಾಸ್ಟಿಮ್ ಮತ್ತು ದಿನವೂ ನುಂಗುವ ಎಲ್ಟ್ರೊಂಬೊಪ್ಯಾಗ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2008ರಲ್ಲಿ.

ಎಲ್ಟ್ರೊಂಬೊಪ್ಯಾಗ್ ನುಂಗಿದರೂ ಎಣಿಕೆ ಏರುತ್ತಿಲ್ಲವಾ? ಡೋಸ್ ಬಯ್ಯುವ ಮೊದಲು ಊಟದ ಹೊತ್ತು ನೋಡಿ. ಹಾಲು, ಮೊಸರು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್ ಇವು ಔಷಧಿಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಇವಕ್ಕಿಂತ ಕನಿಷ್ಠ 2 ಗಂಟೆ ಮೊದಲು, ಅಥವಾ 4 ಗಂಟೆ ನಂತರ ನುಂಗಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಲಿವರ್ ತೋರಿಸಿ. ಕಾಲು ಊದಿ ನೋವಾದರೆ ಹೆಪ್ಪು ಇರಬಹುದು, ಅದೇ ದಿನ ಹೋಗಿ. ಯಾವುದೇ ಕೃತಕ ಚೀಟಿಯನ್ನು ದಿಢೀರ್ ನಿಲ್ಲಿಸಿದರೆ ಎಣಿಕೆ ಮೊದಲಿಗಿಂತ ಕೆಳಗೆ ಕುಸಿಯಬಹುದು. ಊರಿಗೆ ಹೋಗುವಾಗ ಮಾತ್ರೆ ಮರೆಯಬೇಡಿ.

ಜೀನ್ ಪರೀಕ್ಷೆಗೆ ಕೊಡುವ ಮುನ್ನ ಕೇಳಬೇಕಾದದ್ದು

ಮನೆಯವರೆಲ್ಲರ ಪ್ಲೇಟ್‌ಲೆಟ್ ಎಣಿಕೆಯನ್ನು ಒಂದು ಹಾಳೆಯಲ್ಲಿ ವಂಶವೃಕ್ಷದ ಥರ ಬರೆದುಕೊಂಡು ಹೋಗಿ. ಯಾರಿಗೆ ಪಾರ್ಶ್ವವಾಯು ಆಗಿತ್ತು, ಯಾರಿಗೆ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ, ಯಾರು ಹತ್ತಿರದ ಸಂಬಂಧದಲ್ಲೇ ಮದುವೆಯಾದರು, ಇದನ್ನೂ ಬರೆಯಿರಿ. ಎರಡೂ ಪ್ರತಿ ಕೆಡುವ ದೋಷಗಳಲ್ಲಿ ಈ ಕೊನೆಯ ವಿಷಯ ದೊಡ್ಡ ಸುಳಿವು.

ಆಮೇಲೆ ಲ್ಯಾಬಿಗೆ ಒಂದು ಪ್ರಶ್ನೆ: 'ಟಿಎಚ್‌ಪಿಒ ಜೀನಿನಲ್ಲಿ ಪ್ರೋಟೀನಿಗೆ ಬದಲಾಗದ ಮುಂಭಾಗವನ್ನೂ ಓದುತ್ತೀರಾ?' ಹೆಚ್ಚಿನ ಪರೀಕ್ಷೆಗಳು ಪ್ರೋಟೀನ್ ಬರೆಯುವ ಭಾಗವನ್ನಷ್ಟೇ ಓದುತ್ತವೆ. ಆದರೆ ಎಣಿಕೆ ಏರಿಸುವ ತಪ್ಪುಗಳು ಕುಳಿತಿರುವುದು ಅದಕ್ಕಿಂತ ಮುಂಚಿನ ಆ ಬ್ರೇಕಿನ ಜಾಗದಲ್ಲಿ. ಅದನ್ನು ಓದದ ಲ್ಯಾಬು 'ದೋಷವಿಲ್ಲ' ಎಂದು ಬರೆದುಕೊಟ್ಟರೆ, ಆ ಜಾಗವನ್ನು ಇನ್ನೂ ಯಾರೂ ನೋಡಿಲ್ಲ ಎಂದೇ ಓದಿಕೊಳ್ಳಿ.